ಖಾಲಿ ಮನೆಗೆ ದೀಪ ಹಚ್ಚುವವಳು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ನಮ್ಮ ಜಿಲ್ಲೆಯವರ ಕರ್ಮ ಏನೆಂದರೆ, ನಮ್ಮ ಬೆಟ್ಟ ಹತ್ತಿರದಿಂದಲೂ ನುಣ್ಣಗೇ ಕಾಣುತ್ತದೆ. ಕೆಳಗೆ ಆಕಾಶವನ್ನು ಹಾಸಿಕೊಂಡು ಮಲಗಿರುವ ಸರೋವರ, ಅದರ ಬೆನ್ನಿಗೆ ಹುಲ್ಲುಗುಡ್ಡ, ನೀರನ್ನು ಬಳಸಿ ಹೋಗುವ ರಸ್ತೆ, ರಸ್ತೆಗೆ ಅಂಟಿಕೊಂಡ ಮೂರು ಪುಟ್ಟ ಪೇಟೆಗಳು. ನೋಡಲು ಬಂದವರು ನೋಡಿಕೊಂಡು ಹೋಗಿದ್ದರೆ ಚೆನ್ನಾಗಿತ್ತು. ಅವರು ಕೊಂಡುಕೊಂಡರು. ನಮ್ಮ ಪೇಟೆಯ ಮೇಲಿನ ಬೀದಿಯ ಮನೆಗಳೆಲ್ಲ ಹೀಗೆ ಒಂದೊಂದಾಗಿ ದೂರದವರ ಪಾಲಾದವು. ಬೇಸಿಗೆಯಲ್ಲಿ ಬರುತ್ತಾರೆ, ನೀರಿನ ಫೋಟೊ ತೆಗೆಯುತ್ತಾರೆ, ‘ನೀವೆಲ್ಲ ಪುಣ್ಯವಂತರು ಕಣ್ರೀ, ಇಲ್ಲೇ ಇರ್ತೀರಲ್ಲ’ ಎಂದು ನನಗೆ ಹೇಳಿ, ಬೀಗ ಹಾಕಿಕೊಂಡು ಹೋಗುತ್ತಾರೆ. ನಾನು ಬಸ್ ನಿಲ್ದಾಣದ ಎದುರು ಬಲ್ಬು, ವೈರು, ಸ್ವಿಚ್ಚು ಮಾರುವವನು. ನನ್ನ ಹೊಟ್ಟೆ ತುಂಬುವುದು ಅವರಿಂದಲೇ, ನಾನು ಬೈಯುವುದೂ ಅವರನ್ನೇ.

ಅವರು ಹಾಕಿಹೋದ ಬೀಗಗಳ ಕೈಗಳೆಲ್ಲ ಒಬ್ಬಳ ಸೊಂಟದಲ್ಲಿ ತೂಗುತ್ತಿದ್ದವು. ಅವಳನ್ನು ಪೇಟೆಯಲ್ಲಿ ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು. ಅವಳಿಗೆ ಅದರಿಂದ ಸಿಟ್ಟೇನೂ ಬರುತ್ತಿರಲಿಲ್ಲ. “ಮಕ್ಳಿಲ್ಲ, ಮದುವೆ ಮಾಡ್ಲಿಲ್ಲ. ಬೀಗರು ಬರಲಿಲ್ಲ ಅಂತ ಬೀಗಗಳೇ ಬಂದ್ವು” ಎಂದು ಅವಳೇ ನಗುತ್ತಿದ್ದಳು. ಗಂಡ ಸರೋವರದಲ್ಲಿ ದೋಣಿ ನಡೆಸುತ್ತಿದ್ದವನು, ವಯಸ್ಸಿಗೆ ಮುಂಚೆ ಎದೆಗೆ ಶೀತ ಕಟ್ಟಿ ಹೋದ. ಅವನು ಹೋದ ವರ್ಷವೇ ಹಲ್ಲಿನ ಡಾಕ್ಟರೊಬ್ಬರು ಮೇಲಿನ ಬೀದಿಯಲ್ಲಿ ಮನೆ ಕೊಂಡು, ‘ಸ್ವಲ್ಪ ನೋಡ್ಕೊಳ್ತಾ ಇರಿ’ ಎಂದು ಕೀಲಿಕೈ ಅವಳ ಕೈಗಿಟ್ಟರು. ಆ ಸ್ವಲ್ಪ ಬೆಳೆದು ಬೆಳೆದು ಒಂದಿಡೀ ಬೀದಿಯಾಯಿತು.

ಮನೆ ನೋಡಿಕೊಳ್ಳುವುದು ಎಂದರೆ ಗುಡಿಸಿ ಸಾರಿಸುವುದು ಅಂದುಕೊಂಡೀರಿ. ಅಷ್ಟೇ ಅಲ್ಲ. ಯಾರೂ ಇಲ್ಲದ ಮನೆ ಬೇಗ ಕೆಡುತ್ತದೆ. ನಲ್ಲಿ ಬಿಡದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ, ಕಿಟಕಿ ತೆರೆಯದಿದ್ದರೆ ಹಾಸಿಗೆ ಬೂಸರು ಹಿಡಿಯುತ್ತದೆ, ಕಕ್ಕಸಿಗೆ ನೀರು ಹಾಕದಿದ್ದರೆ ಒಳಗಿನ ನೀರು ಒಣಗಿ ನಾತ ಮೇಲೆ ಬರುತ್ತದೆ. ಅವಳು ಒಂದೊಂದು ಮನೆಯೊಳಗೂ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತು ಬರುತ್ತಿದ್ದಳು, ಮನೆಗೆ ಮನುಷ್ಯರ ಬಿಸಿ ತಾಗಲಿ ಅಂತ. ಮನೆಗಳಿಗೆ ಅವಳೇ ಹೆಸರಿಟ್ಟಿದ್ದಳು: ಹಲ್ಲಿನ ಮನೆ, ಪಿಯಾನೊ ಮನೆ, ನೀಲಿ ಬಾಗಿಲು, ಜಗಳದ ಮನೆ. ಜಗಳದ ಮನೆಯವರು ಗಂಡ ಹೆಂಡತಿ ಬೇರೆಯಾಗಿದ್ದರೂ ಮನೆಯನ್ನು ಬೇರೆ ಮಾಡಲಾಗದೆ, ಇಬ್ಬರೂ ಬೇರೆಬೇರೆ ಫೋನು ಮಾಡಿ ‘ಅವರು ಬಂದಿದ್ರಾ?’ ಎಂದು ಕೇಳುತ್ತಿದ್ದರು. ‘ಬಂದಿದ್ರು, ನಿಮ್ಮನ್ನೇ ಕೇಳಿದ್ರು’ ಎಂದು ಇಬ್ಬರಿಗೂ ಸುಳ್ಳು ಹೇಳುತ್ತಿದ್ದಳಂತೆ.

ದೀಪದ ಕೆಲಸ ಆಮೇಲೆ ಬಂದದ್ದು. ಒಂದು ಚಳಿಗಾಲದಲ್ಲಿ ಕಳ್ಳರು ಮೇಲಿನ ಬೀದಿಗೆ ನುಗ್ಗಿ, ಕತ್ತಲಿದ್ದ ಮನೆಗಳನ್ನೇ ಆರಿಸಿ ದೋಚಿಕೊಂಡು ಹೋದರು. ಅಂದಿನಿಂದ ಮಾಲೀಕರು, ಸಂಜೆಯ ಹೊತ್ತು ಒಂದಷ್ಟು ಮನೆಗಳಲ್ಲಿ ದೀಪ ಹಚ್ಚಿಡಿ, ಜನ ಇದ್ದಾರೆ ಅಂತ ಕಾಣಲಿ ಎಂದರು. ಅವಳು ಆ ಕೆಲಸವನ್ನು ಹಚ್ಚಿಕೊಂಡ ಪರಿ ನೋಡಬೇಕಿತ್ತು. ಇವತ್ತು ಈ ಮನೆಯ ಅಡುಗೆಕೋಣೆ, ನಾಳೆ ಆ ಮನೆಯ ಮಹಡಿ. ಒಂದು ಕಡೆ ಪರದೆ ಅರ್ಧ ಎಳೆದು, ಇನ್ನೊಂದು ಕಡೆ ರೇಡಿಯೊ ಹಾಕಿ. ದಿನವೂ ಸುತ್ತುವ ಸಾಲನ್ನೇ ಬದಲಿಸುತ್ತಿದ್ದಳು. ಯಾವ ಮನೆ ಮೊದಲು, ಯಾವುದು ಕೊನೆಗೆ ಎಂದು ದೇವರಿಗೂ ಗೊತ್ತಾಗಬಾರದು. ಕಳ್ಳರಿಗೆ ಲೆಕ್ಕ ಸಿಗಬಾರದು ಎನ್ನುವುದು ಅವಳ ಹಟ. ಬಲ್ಬು ಕೊಳ್ಳಲು ನನ್ನ ಅಂಗಡಿಗೆ ಬಂದರೆ ಪ್ರತಿಯೊಂದನ್ನೂ ಹೊತ್ತಿಸಿ ತೋರಿಸಬೇಕಿತ್ತು. ಬಿಳಿ ಬೆಳಕಿನದು ಬೇಡ, ಹಳದಿಯದೇ ಬೇಕು. ಬಿಳಿ ದೀಪ ಹಾಕಿದರೆ ಆಫೀಸಿನ ಹಾಗೆ ಕಾಣುತ್ತೆ, ಸಂಸಾರ ಇದ್ದ ಹಾಗೆ ಕಾಣಲ್ಲ ಎನ್ನುತ್ತಿದ್ದಳು.

ಚಳಿಗಾಲದ ಮುಸ್ಸಂಜೆ ನನ್ನ ಅಂಗಡಿಯಿಂದ ನೋಡಿದರೆ ಮೇಲಿನ ಬೀದಿ ತುಂಬಿದ ಮನೆಯ ಹಾಗಿರುತ್ತಿತ್ತು. ಬಸ್ಸಿಳಿದ ಪರಸ್ಥಳದವರು ‘ಎಷ್ಟು ಲಕ್ಷಣವಾಗಿದೆ ಊರು’ ಎನ್ನುತ್ತಿದ್ದರು. ಆ ಬೆಳಕಿನಲ್ಲಿ ದಿನವೂ ಕತ್ತಲಾಗಿರುತ್ತಿದ್ದುದು ಒಂದೇ ಮನೆ. ಬೀದಿಯ ಕೆಳತುದಿಯಲ್ಲಿ ಎರಡು ಕೋಣೆಯ ಅವಳ ಮನೆ ಅದು. ಕಂಡವರ ಮನೆಗೆಲ್ಲ ದೀಪ ಹಚ್ಚಿ ಮುಗಿಯುವವರೆಗೆ ತನ್ನ ಮನೆಗೆ ಹಚ್ಚಲು ಪುರಸೊತ್ತೆಲ್ಲಿ?

ಬೀದಿಯಲ್ಲಿ ನಿಜವಾಗಿ ವಾಸವಿದ್ದವರು ಇನ್ನೊಬ್ಬರೇ, ಮೇಲ್ತುದಿಯ ಮನೆಯ ಡ್ರೈವರು. ಮೂರು ಪೇಟೆಗಳ ನಡುವಿನ ಬಸ್ಸನ್ನು ಆಯುಷ್ಯವಿಡೀ ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ದೂರದ ದೊಡ್ಡ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಡ್ರೈವರಿಗೆ ಲೋಕವೆಲ್ಲ ಬಸ್ಸಾಗಿಯೇ ಕಾಣುತ್ತಿತ್ತು. ‘ನಮ್ಮ ಬೀದಿ ಕೊನೇ ಸ್ಟಾಪು. ನಾವಿಬ್ಬರು ಇಳಿಯೋಕೆ ಮರೆತ ಪ್ಯಾಸೆಂಜರು’ ಎನ್ನುತ್ತಿದ್ದರು. ಇಡೀ ಪೇಟೆಗೆ ಅವಳು ಅಕ್ಕ, ಅವರಿಗೆ ಮಾತ್ರ ‘ಇವ್ರೇ’. ನಾನು ಒಮ್ಮೆ ರೇಗಿಸಿದೆ: ಎಲ್ಲರೂ ಅಕ್ಕ ಅಂತಾರೆ, ಡ್ರೈವರು ಯಾಕೆ ಅನ್ನಲ್ಲ? ಅಕ್ಕ ಬಲ್ಬಿನ ಪೊಟ್ಟಣ ಕಿತ್ತುಕೊಂಡು, ನಿನ್ನ ಬಾಯಿಗೂ ಒಂದು ಸ್ವಿಚ್ಚು ಹಾಕಿಸ್ಕೋ ಎಂದು ಹೊರಟುಹೋದಳು. ಮುಖ ಕೆಂಪಾಗಿತ್ತು.

ಸಂಜೆ ದೀಪದ ಸುತ್ತು ಮುಗಿದ ಮೇಲೆ ಅವಳು ಡ್ರೈವರ ಮನೆಗೆ ಹೋಗುವುದು ರೂಢಿಯಾಗಿತ್ತು. ಅವರು ಚಹಾ ಕಾಯಿಸಿಟ್ಟುಕೊಂಡಿರುತ್ತಿದ್ದರು. ಇಬ್ಬರೂ ಒಲೆಯ ಮುಂದೆ ಕೂತು ಮೂರು ಪೇಟೆಯ ಸುದ್ದಿಯನ್ನೆಲ್ಲ ಹಿಂಡಿ ಹಿಪ್ಪೆ ಮಾಡುತ್ತಿದ್ದರು. ಆಮೇಲೆ ಅವಳು ಟಾರ್ಚು ಹಿಡಿದು, ತಾನೇ ಹಚ್ಚಿದ ದೀಪಗಳ ನಡುವೆ ಇಳಿದು, ತನ್ನ ಕತ್ತಲ ಮನೆಗೆ ಬರುತ್ತಿದ್ದಳು. ದಿನದಲ್ಲಿ ಮನುಷ್ಯರ ಮುಖ ನೋಡಿ ಮಾತಾಡುವುದು ಅದೊಂದೇ ಹೊತ್ತು ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು. ಉಳಿದ ಹೊತ್ತೆಲ್ಲ ಕುರ್ಚಿಗಳ ಜೊತೆ ಮಾತು.

ಕಳೆದ ಚಳಿಗಾಲಕ್ಕೆ ಮುಂಚೆ ಡ್ರೈವರ ಮಗಳು ಪಟ್ಟು ಹಿಡಿದಳು. ವಯಸ್ಸಾಯಿತು, ಒಬ್ಬರೇ ಇರಬೇಡಿ, ಬನ್ನಿ ಎಂದು. ಚಳಿ ಬಲಿಯುವುದರೊಳಗೆ ಹೇಳುತ್ತೇನೆ ಎಂದು ಡ್ರೈವರು ವಾಯಿದೆ ಕೇಳಿಕೊಂಡರು. ಆ ಸಂಜೆಯೇ ಒಲೆಯ ಮುಂದೆ ಅಕ್ಕನಿಗೆ ಹೇಳಿದರಂತೆ.

“ಇವ್ರೇ, ನಿಮ್ಮನೇಲೊಂದು ಒಲೆ, ನಮ್ಮನೇಲೊಂದು ಒಲೆ. ಈ ಚಳೀಲಿ ಎರಡು ಯಾಕೆ? ಇಲ್ಲಿಗೇ ಬಂದ್ಬಿಡಿ. ಆ ರೂಮು ಖಾಲಿ ಇದೆ. ಅದರ ಕೀಲಿನೂ ನೀವೇ ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ. ನೀವು ಬರ್ತೀರಿ ಅಂದ್ರೆ ನಾನು ಮಗಳಿಗೆ ಬರಲ್ಲ ಅಂತೀನಿ.”

“ಜನ ಏನಂತಾರೆ?” ಅಂದಳು ಅಕ್ಕ.

ಡ್ರೈವರು ಎದ್ದು ಕಿಟಕಿಯ ಪರದೆ ಸರಿಸಿ, ದೀಪ ಉರಿಯುತ್ತಿದ್ದ ಬೀದಿಯನ್ನು ಉದ್ದಕ್ಕೂ ನೋಡಿದರು.

“ಯಾವ ಜನ?”

ಅವಳಿಗೆ ನಗು ತಡೆಯಲಾಗಲಿಲ್ಲವಂತೆ. ಆದರೂ ಹೂಂ ಅನ್ನಲಿಲ್ಲ, ನೋಡೋಣ ಅಂದಳು. ಈ ನೋಡೋಣ ಎಂಬ ಮಾತಿನ ಹಿಂದೆ ಅಡಗಿ ಕೂತು ಆಯುಷ್ಯ ಕಳೆದವರು ನಮ್ಮಲ್ಲಿ ಎಷ್ಟು ಜನವೋ. ಅವಳಿಗೆ ಮನಸ್ಸಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಡ ಹೋದಮೇಲೆ ಯಾರ ಹತ್ತಿರವೂ ಏನನ್ನೂ ಬೇಕು ಎಂದು ಬಾಯಿ ಬಿಟ್ಟವಳಲ್ಲ. ಬೇಡ ಅನ್ನುವುದು ಅವಳಿಗೆ ಸಲೀಸು, ಬೇಕು ಅನ್ನಲು ನಾಲಗೆ ಹೊರಳುತ್ತಿರಲಿಲ್ಲ. ದಿನ ಹೋಗುತ್ತಿದ್ದವು. ದಿನವೂ ಚಹಾ ಕುಡಿದು, ಇವತ್ತು ಹೇಳಿಬಿಡಬೇಕು ಅಂದುಕೊಂಡು, ಸಕ್ಕರೆ ಜಾಸ್ತಿಯಾಯ್ತು ಎಂದು ಹೇಳಿ ಎದ್ದು ಬರುತ್ತಿದ್ದಳು. ಡ್ರೈವರು ಮತ್ತೆ ಕೇಳಲಿಲ್ಲ. ಅವರಿಗೂ ಮಾನ ಇತ್ತು.

ಆ ದಿನ ಬೆಳಿಗ್ಗೆ ಮೊದಲ ಹಿಮ ಬಿದ್ದು ಮಧ್ಯಾಹ್ನಕ್ಕೆ ಕರಗಿ ಬೀದಿಯೆಲ್ಲ ಕೆಸರಾಗಿತ್ತು. ಡ್ರೈವರು ನನ್ನ ಅಂಗಡಿಗೆ ಬಂದು, ಮಗಳಿಗೆ ಉತ್ತರ ಕೊಡಬೇಕು ಮಾರಾಯ, ಇವರು ಬಾಯೇ ಬಿಡಲ್ಲ ಎಂದು ಅಲವತ್ತುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಬೀಗದಕ್ಕ ಬಲ್ಬಿಗೆ ಬಂದಳು. ನಾನು ಸುಮ್ಮನಿರಲಾರದೆ, ಅಕ್ಕ, ಹೂಂ ಅಂತೀಯೋ ಇಲ್ಲವೋ, ಆ ಮನುಷ್ಯ ಗಂಟುಮೂಟೆ ಕಟ್ಟುವ ಹೊತ್ತಾಯಿತು ಎಂದೆ. ಅವಳು ಕೌಂಟರಿನ ಮೇಲೆ ಉರಿಯುತ್ತಿದ್ದ ಬಲ್ಬನ್ನೇ ನೋಡುತ್ತ, “ಇವತ್ತು ಹೇಳ್ತೀನಪ್ಪ” ಅಂದಳು. ಹೇಳಿದ ರೀತಿಗೆ ನನಗೆ ನಂಬಿಕೆ ಬಂತು.

ಮುಂದಿನದೆಲ್ಲ ಅವಳೇ ಹೇಳಿದ್ದು. ಸಂಜೆ ಎಂದಿನಂತೆ ಮನೆಮನೆಗೂ ದೀಪ ಹಚ್ಚಿಕೊಂಡು ಹೋಗಿ, ಕೊನೆಗೆ ಪಿಯಾನೊ ಮನೆಗೆ ಬಂದಳು. ಅಲ್ಲಿ ಆಳೆತ್ತರದ ಕನ್ನಡಿ ಇದೆ. ದೀಪ ಹಚ್ಚಿ, ರೇಡಿಯೊ ಹಾಕಿ ಹೊರಡಬೇಕಾದವಳು ಕನ್ನಡಿಯ ಮುಂದೆ ಕೂತಳು. ತಲೆಗೂದಲು ಒತ್ತಿಕೊಂಡಳು. ಹೇಗೆ ಹೇಳುವುದು ಎಂದು ಹೇಳಿ ನೋಡಿಕೊಂಡಳು. ‘ಆಯ್ತು, ಬರ್ತೀನಿ’ ಅಂದರೆ ತೀರಾ ಅವಸರವಾಯಿತು. ‘ನಿಮ್ಮಿಷ್ಟ’ ಅಂದರೆ ಸುಳ್ಳಾಯಿತು. ‘ಒಂದೇ ಒಲೆ ಸಾಕು’ ಎನ್ನುವುದು ಹಿಡಿಸಿತು. ಅದನ್ನೇ ಮತ್ತೆ ಮತ್ತೆ ಹೇಳಿಕೊಂಡಳು. ರೇಡಿಯೊ ಹಾಡುತ್ತಿತ್ತು. ಎಷ್ಟು ಹೊತ್ತು ಕೂತಳೋ ಅವಳಿಗೇ ಗೊತ್ತಿಲ್ಲ. ಸಂತೋಷವಾಗಿತ್ತು ಕಣೋ ಎಂದಳು ನನ್ನ ಹತ್ತಿರ. ಹಾಗೆಂದು ಬಾಯಿ ಬಿಟ್ಟು ಹೇಳಿದಳು.

ಅದೇ ಹೊತ್ತಿನಲ್ಲಿ ಮೇಲ್ತುದಿಯ ಮನೆಯಲ್ಲಿ ಡ್ರೈವರ ಬಲಗೈಯಿಂದ ಚಹಾದ ಪಾತ್ರೆ ಜಾರಿ ಬಿತ್ತು. ಲಕ್ವ ಹೊಡೆದಿತ್ತು. ಫೋನು ಎತ್ತಿ ಮಾತಾಡಲು ನಾಲಗೆ ತಿರುಗಲಿಲ್ಲ. ಕಾಲೆಳೆದುಕೊಂಡು ಬೀದಿಗೆ ಬಂದರು. ಇಡೀ ಬೀದಿಯಲ್ಲಿ ಇದ್ದ ಒಂದೇ ಒಂದು ಜೀವ ಅವಳು. ಆದರೆ ಎಲ್ಲಿ? ಸಾಲು ಬದಲಿಸುತ್ತಾಳೆ, ಯಾವ ಮನೆಯಲ್ಲಿದ್ದಾಳೋ ಯಾರು ಬಲ್ಲರು? ಎದುರಿಗೆ ದೀಪ, ಪಕ್ಕದಲ್ಲಿ ದೀಪ, ಕೆಳಗೆಲ್ಲ ದೀಪ.

ಅವಳು ಪಿಯಾನೊ ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದಾಗ ಪಕ್ಕದ ಹಲ್ಲಿನ ಮನೆಯ ಬಾಗಿಲಿಗೆ ಯಾರೋ ಒರಗಿ ಕೂತ ಹಾಗೆ ಕಂಡಿತು. ಡಾಕ್ಟರ ಹಿತ್ತಾಳೆ ಬೋರ್ಡಿನ ಕೆಳಗೆ, ಒಳಗಿನ ಹಳದಿ ಬೆಳಕು ಭುಜದ ಮೇಲೆ ಬಿದ್ದು, ಡ್ರೈವರು ಕೂತಿದ್ದರು. ಬಾಯಿ ಒಂದು ಕಡೆಗೆ ಇಳಿದಿತ್ತು. ಎಡಗೈ ಇನ್ನೂ ಬಾಗಿಲನ್ನು ಮೆಲ್ಲಗೆ ತಟ್ಟುತ್ತಿತ್ತು.

ಅವಳು ಫೋನು ಮಾಡಿದ್ದು ನನಗೆ. ಆಂಬುಲೆನ್ಸು ಸರೋವರ ಸುತ್ತಿ ಬರುವವರೆಗೆ ಕಾಯುವುದು ಬೇಡವೆಂದು ನನ್ನ ಗೂಡ್ಸ್ ಗಾಡಿಯಲ್ಲಿ ವೈರಿನ ಸುರುಳಿಗಳನ್ನು ಸರಿಸಿ ಮಲಗಿಸಿದೆವು. ಅವಳು ಹಿಂದೆ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಸ್ಪತ್ರೆಯಲ್ಲಿ ಡಾಕ್ಟರು, ಜೀವಕ್ಕೆ ಭಯವಿಲ್ಲ, ಇನ್ನೂ ಬೇಗ ತಂದಿದ್ದರೆ ಮಾತು ಕೈ ಇಷ್ಟು ಹೋಗುತ್ತಿರಲಿಲ್ಲ ಎಂದರು. ಡಾಕ್ಟರ ತಪ್ಪಿಲ್ಲ, ಇದ್ದದ್ದನ್ನು ಹೇಳಿದರು. ನನಗೆ ಮಾತ್ರ ಅವರ ಬಾಯಿಗೆ ಬೀಗ ಜಡಿಯಬೇಕು ಅನ್ನಿಸಿತು.

ಮರುದಿನ ಬೆಳಿಗ್ಗೆ ಅವಳು ಬೀದಿಗೆ ವಾಪಸು ಬಂದಳು. ಕೆಸರಿನ ಹೆಜ್ಜೆಗಳು ಹಾಗೇ ಒಣಗಿ ನಿಂತಿದ್ದವು. ಒಂದು ಹೆಜ್ಜೆ ನೇರ, ಇನ್ನೊಂದು ಎಳೆದ ಗೆರೆ. ಪಿಯಾನೊ ಮನೆಯೊಂದನ್ನು ಬಿಟ್ಟು ದೀಪ ಹಚ್ಚಿದ್ದ ಒಂದೊಂದು ಮನೆಯ ಮೆಟ್ಟಿಲನ್ನೂ ಅವು ಹತ್ತಿ ಇಳಿದಿದ್ದವು. ದೀಪ ಹಚ್ಚದೆ ಬಿಟ್ಟಿದ್ದ ಮನೆಗಳ ಮೆಟ್ಟಿಲು ಸ್ವಚ್ಛವಾಗಿದ್ದವು. ಕೆಳತುದಿಯಲ್ಲಿ ಅವಳ ಮನೆಯ ತನಕ ಅವು ಬಂದಿರಲೇ ಇಲ್ಲ. ಬರುವುದೇಕೆ? ಅದು ಕತ್ತಲಿತ್ತು. ಅವಳು ನೀರು ತಂದು ಒಂದೊಂದೇ ಮೆಟ್ಟಿಲು ತೊಳೆದಳು. ಕೊನೆಗೆ ಹಲ್ಲಿನ ಮನೆಯ ಮೆಟ್ಟಿಲು ತೊಳೆಯಲಾಗದೆ ಅಲ್ಲೇ ಕೂತಳು. ಬಲ್ಬು ಆರಿಸಲು ಒಳಗೆ ಹೋಗಲೂ ಕಾಲು ಬರಲಿಲ್ಲ. ಆ ದಿನ ಹಗಲೆಲ್ಲ ಹಲ್ಲಿನ ಮನೆಯಲ್ಲಿ ದೀಪ ಉರಿಯುತ್ತಿದ್ದುದನ್ನು ನಾನು ಕೆಳಗಿನಿಂದ ನೋಡಿದೆ.

ಮಗಳು ಬಂದಳು. ಒಳ್ಳೆಯ ಹುಡುಗಿ, ಯಾರನ್ನೂ ಬೈಯಲಿಲ್ಲ. ಅಕ್ಕನ ಕೈ ಹಿಡಿದುಕೊಂಡು, “ಆಂಟಿ, ನೀವಿದೀರಿ ಅನ್ನೋ ಧೈರ್ಯದ ಮೇಲೇ ಇಷ್ಟು ದಿನ ಬಿಟ್ಟಿದ್ದೆ” ಅಂದಳು. ಬೈದಿದ್ದರೇ ವಾಸಿಯಿತ್ತು. ಅಪ್ಪನನ್ನು ಆಸ್ಪತ್ರೆಯಿಂದ ನೇರವಾಗಿ ತನ್ನ ಊರಿಗೆ ಕರೆದುಕೊಂಡು ಹೋಗಲು ಕಾರು ಮಾಡಿದ್ದಳು. ಬೀಗದಕ್ಕ ಕಾರಿನ ಕಿಟಕಿಯ ಹತ್ತಿರ ನಿಂತಳು. ಒಲೆಯ ಮಾತು ನಾಲಗೆಯ ತುದಿಯಲ್ಲಿತ್ತು. ಮಗಳು ಇದ್ದಳು, ಕಾರಿನವನು ಇದ್ದ, ನಾನಿದ್ದೆ. ಡ್ರೈವರು ಔಷಧದ ಮಂಪರಿನಲ್ಲಿದ್ದರು. ಕಾರು ಹೋಯಿತು. ಅವಳು ನನ್ನ ಕಡೆ ತಿರುಗಿ, ನಮ್ಮ ಪೇಟೆಗೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಅಂದಿನಿಂದ ಮೇಲಿನ ಬೀದಿಯಲ್ಲಿ ದೀಪ ಹಚ್ಚುವುದನ್ನು ನಿಲ್ಲಿಸಿಬಿಟ್ಟಳು. ಮಾಲೀಕರ ಫೋನುಗಳು ಶುರುವಾದವು. ಕೊನೆಗೆ ಹಲ್ಲಿನ ಡಾಕ್ಟರೇ ಕೇಳಿದಾಗ, ಯಾರೂ ಇಲ್ಲದ ಮನೇಲಿ ಯಾರೋ ಇದಾರೆ ಅಂತ ತೋರಿಸೋ ಕೆಲಸ ನನ್ನಿಂದ ಇನ್ನಾಗಲ್ಲ ಎಂದಳಂತೆ. ಅವರೇನು ಸುಮ್ಮನಿರುತ್ತಾರೆಯೇ? ಹೊತ್ತಿಗೆ ಸರಿಯಾಗಿ ತಾನೇ ಹತ್ತಿ ತಾನೇ ಆರುವ ಸ್ವಿಚ್ಚು ಹಾಕಿಸಿದರು. ಹಾಕಿಕೊಟ್ಟವನು ನಾನೇ, ಹೊಟ್ಟೆಪಾಡು. ಈಗ ಸಂಜೆಯಾದರೆ ಅವಳ ಹಂಗಿಲ್ಲದೆ ಇಡೀ ಬೀದಿ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಬೀಗದಕ್ಕ ನಲ್ಲಿ ಬಿಡಲು, ಕಿಟಕಿ ತೆರೆಯಲು ಹಗಲಿನಲ್ಲಿ ಮಾತ್ರ ಹೋಗಿ ಬರುತ್ತಾಳೆ. ಯಾವ ಮನೆಯಲ್ಲೂ ಕೂರುವುದಿಲ್ಲ.

ಚಳಿ ಇಳಿದ ಮೇಲೆ ಒಂದು ಬೆಳಿಗ್ಗೆ ಒಳ್ಳೆಯ ಬಟ್ಟೆ ಉಟ್ಟುಕೊಂಡು ಬಸ್ ನಿಲ್ದಾಣಕ್ಕೆ ಬಂದಳು. ಕೀಲಿಗೊಂಚಲನ್ನು ನನ್ನ ಕೌಂಟರಿನ ಮೇಲಿಟ್ಟು, ನಾಳೆ ಬರ್ತೀನಿ, ನೋಡ್ಕೋ ಎಂದಳು. ಅದು ಅಷ್ಟು ಭಾರ ಎಂದು ನನಗೆ ಆವತ್ತೇ ಗೊತ್ತಾದದ್ದು. ಎಲ್ಲಿಗೆ ಎಂದು ಕೇಳಲಿಲ್ಲ. ಹೇಳದೆ ಉಳಿದ ಮಾತನ್ನು ಹೇಳಲು ಹೊರಟಿದ್ದಾಳೆ ಎಂದು ಮುಖವೇ ಹೇಳುತ್ತಿತ್ತು.

ಮಗಳ ಮನೆ ನಾಲ್ಕನೆಯ ಮಹಡಿಯಲ್ಲಿ. ಅಕ್ಕ ಹೋಗಿ ಮುಟ್ಟಿದಾಗ ಸಂಜೆಯಾಗಿತ್ತು. ಡ್ರೈವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ತೊಡೆಯ ಮೇಲೆ ಶಾಲು, ಶಾಲಿನ ಮೇಲೆ ಬಲಗೈ. ಮುಖ ತುಂಬಿಕೊಂಡಿತ್ತು, ಮಗಳು ಚೆನ್ನಾಗಿ ನೋಡಿಕೊಂಡಿದ್ದಳು. ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು. ಮಗಳು ಅಲ್ಲೇ ಇದ್ದಳು. ಇರಲಿ ಅಂದುಕೊಂಡು ಹೇಳಿಯೇಬಿಟ್ಟಳು.

“ಒಂದೇ ಒಲೆ ಸಾಕು ಡ್ರೈವರೇ. ನಾನು ಬರ್ತೀನಿ. ಅಲ್ಲಿಗಾದ್ರೂ ಸರಿ, ಇಲ್ಲಿಗಾದ್ರೂ ಸರಿ.”

ಡ್ರೈವರು ಅವಳನ್ನು ನೋಡಿದರು. ಗುರುತು ಹತ್ತಿತು ಎಂದು ಅವಳಿಗೆ ಅನ್ನಿಸಿತು, ಕಣ್ಣಿನಲ್ಲಿ ಏನೋ ಬಂದು ಹೋಯಿತು. ಆಮೇಲೆ ಮುಖ ತಿರುಗಿಸಿ ಕಿಟಕಿಯ ಕಡೆ ನೋಡತೊಡಗಿದರು. ಎದುರಿಗೆ ಇನ್ನೊಂದು ದೊಡ್ಡ ಕಟ್ಟಡ, ಮಹಡಿ ಮಹಡಿಗೂ ಕಿಟಕಿ. ಒಂದೊಂದರಲ್ಲೇ ದೀಪ ಹತ್ತುತ್ತಿತ್ತು. ಅವರು ಎಡಗೈ ಎತ್ತಿ ಒಂದು ಕಿಟಕಿಯತ್ತ ತೋರಿಸಿದರು, ಅದನ್ನು ಬಿಟ್ಟು ಇನ್ನೊಂದರತ್ತ ತೋರಿಸಿದರು. ತುಟಿ ಬಹಳ ಕಷ್ಟಪಟ್ಟು ಮಾತು ಕೂಡಿಸಿತು.

“ಇವ್ರೇ… ಯಾವ ಮನೇಲಿದೀರಿ?”

ಇಲ್ಲೇ ಇದೀನಲ್ಲ ಎಂದು ಅವಳು ಆ ಕೈಯನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ. ಆದರೆ ಕಣ್ಣು ಎದುರಿನ ಕಟ್ಟಡ ಬಿಟ್ಟು ಕದಲಲಿಲ್ಲ.

“ಸಂಜೆ ಆದ್ರೆ ಇದೊಂದೇ ಆಂಟಿ, ಬಂದಾಗಿಂದ” ಅಂದಳು ಮಗಳು ಮೆಲ್ಲಗೆ. “ಎದುರುಗಡೆ ದೀಪ ಹತ್ತಿದ ಕೂಡ್ಲೇ ಶುರು ಮಾಡ್ತಾರೆ. ಎಲ್ಲಾ ಆರೋ ತನಕ ಹುಡುಕ್ತಾರೆ. ಯಾರನ್ನ ಅಂತ ನಂಗೆ ಗೊತ್ತಾಗಿರ್ಲಿಲ್ಲ.”

ಅವಳು ಆ ಕೈ ಹಿಡಿದುಕೊಂಡೇ ಕೂತಿದ್ದಳು, ಅವರು ಹುಡುಕುತ್ತಲೇ ಇದ್ದರು.